ಸ್ವೇಚ್ಛೆ ಕೂಗು

ಜೂನ್ ಮೊದಲ ವಾರ. ಕೇತ್ತಿ ಕಣಿವೆಯ ಪ್ಲಮ್ಮುಗಳೆಲ್ಲ
ಮಾತಾಡಿಕೊಂಡ ಹಾಗೆ ಒಂದೇ ಸಲ ಹಣ್ಣಾಗುತ್ತವೆ.
ಅರ್ಧ ಮಂಗಗಳಿಗೆ, ಕಾಲು ಪಾಲು ರಾತ್ರಿ ಬರುವ ಕಾಟಿಗೆ,
ಉಳಿದ ಕಾಲನ್ನು ಸೆರಗಿನಲ್ಲಿ ಹೊತ್ತು ತಂದು
ನೆಲದ ಮೇಲೆ ಸುರಿದು
ಮಿಲ್ಕಳ ಪುಸ್ತಕ ತೆಗೆಯುತ್ತೇನೆ.

ಮಿಲ್ಕ ನನ್ನಜ್ಜಿಯ ತಾಯಿ,
ಮಿಶನ್ ಬಂಗಲೆಯಲ್ಲಿ ಒಲೆ ಊದುತ್ತಿದ್ದವಳು.
ಹಟ್ಟಿಯಲ್ಲಿ ಆಡಿದ್ದು ಬಡಗ,
ಶಾಲೆಯಲ್ಲಿ ತಿದ್ದಿದ್ದು ಕನ್ನಡ,
ಬೆನ್ನ ಹಿಂದೆ ನಿಂತು ಗದರುತ್ತಿದ್ದುದು
ಲುಯೀಸೆ ದೊರಸಾನಿಯ ಜರ್ಮನ್.
ಮೂರನ್ನೂ ಒಟ್ಟಿಗೆ ನಾದಿ
ಹದಿನೇಳನೆಯ ಪುಟದಲ್ಲಿ ದುಂಡಗೆ ಬರೆದಿದ್ದಾಳೆ:
ಸ್ವೇಚ್ಛೆ ಕೂಗು.

'ಗೋಧಿ ಹಿಟ್ಟು ಮೂರು ಬೊಗಸೆ.
ಆಲೂಗಡ್ಡೆ ಬೆಂದ ನೀರು, ನಿನ್ನೆಯದು, ಹುಳಿ ಬಂದದ್ದು.
ಬೆಣ್ಣೆ, ದೊರಸಾನಿ ನೋಡುತ್ತಿದ್ದರೆ ಒಂದು ಮುದ್ದೆ,
ನೋಡದಿದ್ದರೆ ಒಂದೂವರೆ.
ಹಣ್ಣು ಸೀಳಿ ಬೀಜ ತೆಗೆದು ಅಂಗಾತ ಮಲಗಿಸು,
ಹಬ್ಬದ ದಿನ ಚರ್ಚಿನಲ್ಲಿ ಕೂತ ಹಾಗೆ, ಒತ್ತೊತ್ತಾಗಿ.
ಕೆಳಗೆ ಕೆಂಡ. ಮುಚ್ಚಳದ ಮೇಲೆ ಕೆಂಡ.
ರೈಲು ಮೇಲಕ್ಕೆ ಹೋದಾಗ ಇಡು.
ಕೆಳಗಿಳಿಯುತ್ತ ಕೂಗಿದಾಗ ತೆಗೆ.'

ಹಾಗಾಗಿ ಕೂಗಿನ ಬಗ್ಗೆ ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ,
ಅದು ರೈಲಿನದು.
ಜಗಳವೆಲ್ಲ ಸ್ವೇಚ್ಛೆಯದು.
ದೇವರು ಆದಾಮನಿಗೆ ಸ್ವೇಚ್ಛೆ ಕೊಟ್ಟ,
ಪಕ್ಕದಲ್ಲೇ ಹಣ್ಣನ್ನೂ ಇಟ್ಟ, ಎಂದು
ಉಪದೇಶಿಯಾಗಿದ್ದ ಅಜ್ಜ, ಎರಡನೆಯ ತುಂಡಿಗೆ ಕೈ ಚಾಚುತ್ತ.
ಅದೆಲ್ಲ ಅಲ್ಲ, ಬೆಣ್ಣೆ ಬೇಕಾದಷ್ಟು ಹಾಕಬಹುದಲ್ಲ, ಅದಕ್ಕೆ,
ಎಂದು ಅಮ್ಮ.

ಮೊನ್ನೆ ತಂಗಿಯ ಮಗಳು ಕೆಜೀಯ ಬಂದಳು.
ನರ್ಸಿಂಗ್ ಮುಗಿಸಿ ಕೊಯಮತ್ತೂರಿನಲ್ಲಿ
ಜರ್ಮನ್ ಪರೀಕ್ಷೆಗೆ ಕೂತಿದ್ದಾಳೆ.
ತಮಿಳು ಶಾಲೆಯ ಹುಡುಗಿ, ಕನ್ನಡ ಅಕ್ಷರ ಬಾರದು.
ನಾನು ಓದುತ್ತ ಹೋದೆ, ಅವಳು ನಾದುತ್ತ ಹೋದಳು.
ಸ್ವೇಚ್ಛೆ ಕೂಗು, ಅಂದೆ.
ಕೈ ನಿಂತಿತು.
ಇನ್ನೊಂದು ಸಲ ಹೇಳು ದೊಡ್ಡಮ್ಮ, ಬೇಗ.
ಸ್ವೇಚ್ಛೆಕೂಗು.

ಟ್ಸ್ವೆಚ್ಗನ್ ಕೂಖನ್!
ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡು ನಕ್ಕಳು.
ಸ್ವೇಚ್ಛೆ ಅಂದ್ರೆ ಪ್ಲಮ್ಮು. ಕೂಗು ಅಂದ್ರೆ ಕೇಕು.
ಅಷ್ಟೇ!

ಅಷ್ಟೇ.
ಅಜ್ಜನ ಆದಾಮ, ಅಮ್ಮನ ಬೆಣ್ಣೆ,
ಗುಡ್ಡ ಸುತ್ತಿ ಇಳಿಯುವ ಆ ಪುಟ್ಟ ರೈಲು,
ಎಲ್ಲ ಸೇರಿ ಒಂದು ಪ್ಲಮ್ ಕೇಕು.
ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.
ಆಮೇಲೆ ಪುಟ ತಿರುವಿದೆ.

ಅಲ್ಲಿ ಪೆನ್ಸಿಲ್ಲು, ಅಕ್ಷರ ಅಷ್ಟು ದುಂಡಗಿಲ್ಲ:
'ಯುದ್ಧದ ವರ್ಷ. ದೊರಸಾನಿಯನ್ನೂ ಮಕ್ಕಳನ್ನೂ
ಬೆಳಗಿನ ರೈಲಿಗೆ ಹತ್ತಿಸಿದರು. ಜೊತೆಗೆ ಪೊಲೀಸು.
ಹಣ್ಣು ಇನ್ನೂ ಮರದಲ್ಲಿತ್ತು.
ಗೋಧಿ ಇಲ್ಲ, ರಾಗಿ ಹಾಕಿದೆ. ಸಕ್ಕರೆ ಇಲ್ಲ, ಬೆಲ್ಲ.
ರೈಲು ಕೂಗಿತು. ತೆಗೆಯಲಿಲ್ಲ. ತಳ ಸೀದಿತು.
ನಾವೇ ತಿಂದೆವು,
ಮೊದಲ ಸಲ ಮೇಜಿನ ಹತ್ತಿರ, ಕುರ್ಚಿಯಲ್ಲಿ ಕೂತು.'

ಓದಿ ಮುಗಿಸಿದೆ. ಕೆಜೀಯ ಏನೂ ಅನ್ನಲಿಲ್ಲ.
ಪ್ಲಮ್ಮಿನ ರಸ ಹಲಗೆಯಿಂದ ಇಳಿದು
ಅವಳ ಮೊಣಕೈವರೆಗೆ ಕೆಂಪು.

ಸ್ವಲ್ಪ ಹೊತ್ತಿಗೆ ಕೇಳಿದಳು,
ಹೌದೂ, ಕನ್ನಡದಲ್ಲಿ ಸ್ವೇಚ್ಛೆ ಅಂದರೆ ಏನು?

ಇನ್ನರ್ಧ ಮುದ್ದೆ ಬೆಣ್ಣೆ ಹಾಕು, ಅಂದೆ.
ಯಾರೂ ನೋಡುತ್ತಿಲ್ಲ.